ಸಂಬಂಧ ವಿಚಾರಿಸಿದ ಹಾಗೆ ಅಂಗಡಿ ವಿಚಾರಿಸಿದ್ದು

2023ರ ಏಪ್ರಿಲ್, ಲಂಡನ್. ಸೌತ್‌ಹಾಲ್‌ನ ಬ್ರಾಡ್‌ವೇಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಆಫೀಸಿತ್ತು. ಬಾಗಿಲ ಮೇಲೆ ‘ಬಿಸಿನೆಸ್ ಟ್ರಾನ್ಸ್‌ಫರ್ ಏಜೆಂಟ್’ ಎಂದು ಬರೆಸಿದ್ದೆ. ಅಂಗಡಿ, ಹೋಟೆಲು, ಲಾಂಡ್ರಿ ಮುಂತಾದವನ್ನು ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ವ್ಯವಹಾರ ಕುದುರಿಸುವುದು ನನ್ನ ಕೆಲಸ. ಊರಿನಲ್ಲಾದರೆ ದಲ್ಲಾಳಿ ಎನ್ನುತ್ತಾರೆ. ಆ ಹೆಸರಿನಿಂದ ನನಗೆ ಬೇಸರವೇನಿಲ್ಲ. ಕುಂದಾಪುರದ ಕಡೆಯಿಂದ ಬಂದು, ಇಲ್ಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವನು ನಾನು. ನಸುಕಿನಲ್ಲಿ ತರಕಾರಿ ಮಂಡಿಗೆ ಕಳಿಸುತ್ತಿದ್ದರು. ಚೌಕಾಸಿ ಕಲಿತದ್ದು ಅಲ್ಲೇ. ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದೂ, ಎದುರಿನವನು ಯಾವ ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡ ಎಂಬುದನ್ನು ನೆನಪಿಟ್ಟುಕೊಳ್ಳಬೇಕು ಎಂಬುದೂ ಆಮೇಲೆ ನಾನು ಓದಿಕೊಂಡ ಕಾನೂನಿನಷ್ಟೇ ಉಪಯೋಗಕ್ಕೆ ಬಂದಿವೆ.

ಆ ತಿಂಗಳ ಮೊದಲ ವಾರದಲ್ಲಿ ಹರೀಶ ಎಂಬವರು ಬಂದರು. ನಲವತ್ತೆರಡು ವರ್ಷ, ಹುಟ್ಟಿದ್ದು ಕುಂದಾಪುರ, ಓದಿ ಬೆಳೆದದ್ದು ಬೆಂಗಳೂರು. ಇಲ್ಲಿಯ ಐಟಿ ಕಂಪನಿಯಲ್ಲಿ ಬಹಳ ವರ್ಷ ದುಡಿದವರಿಗೆ ಆ ಜನವರಿಯಲ್ಲಿ ಕೆಲಸ ಹೋಗಿತ್ತು. ಕಂಪನಿ ಕೊಟ್ಟ ಪರಿಹಾರದ ಹಣ ಬ್ಯಾಂಕಿನಲ್ಲಿತ್ತು. ಹೆಂಡತಿ ವೀಣಾ ಸಟನ್ನಿನ ಆಸ್ಪತ್ರೆಯಲ್ಲಿ ನರ್ಸ್. ಮಗಳು ಆ ವರ್ಷ ಗ್ರಾಮರ್ ಸ್ಕೂಲಿನ, ಅಂದರೆ ಜಾಣ ಮಕ್ಕಳನ್ನು ಆರಿಸಿಕೊಳ್ಳುವ ಇಲ್ಲಿನ ಸರ್ಕಾರಿ ಶಾಲೆಯ, ಪ್ರವೇಶ ಪರೀಕ್ಷೆಗೆ ಕೂರುವವಳಿದ್ದಳು. ಆ ಶಾಲೆಗಳ ಹತ್ತಿರ ಇರಬೇಕೆಂದೇ ಗಂಡಹೆಂಡತಿ ಸಟನ್ನಿನಲ್ಲಿ ಸಾಲ ಮಾಡಿ ಪುಟ್ಟ ಮನೆ ಕೊಂಡಿದ್ದರು.

ಹರೀಶ ಮೇಜಿನ ಮೇಲೆ ಹೊಳೆಯುವ ಬ್ರೋಷರ್ ಒಂದನ್ನು ಇಟ್ಟರು. ನಮ್ಮ ಕಡೆಯ ತಿಂಡಿಗಳನ್ನು ಮಾರುವ ಅಂಗಡಿಗಳ ಸರಪಳಿಯದು. ಅದರ ಹೆಸರು ಇಲ್ಲಿ ಬೇಡ. ಅದರ ಫ್ರಾಂಚೈಸಿ ತೆಗೆದುಕೊಂಡು ಸಟನ್ನಿನಲ್ಲಿ ಅಂಗಡಿ ತೆರೆಯುವುದು ಅವರ ಯೋಚನೆ. ಫ್ರಾಂಚೈಸಿ ಎಂದರೆ ಬೇರೆಯವರ ಹೆಸರು, ಬೋರ್ಡು, ರೆಸಿಪಿ, ಕೆಲಸದ ಕ್ರಮವನ್ನು ಶುಲ್ಕ ಕೊಟ್ಟು ಪಡೆದು, ನಮ್ಮ ಬಂಡವಾಳದಲ್ಲಿ ಅಂಗಡಿ ನಡೆಸುವುದು. ಹೆಸರು ಅವರದು, ಬೆವರು ನಮ್ಮದು. ಮಾರಾಟವಾದದ್ದರಲ್ಲಿ ಪ್ರತಿ ತಿಂಗಳು ಅವರಿಗೊಂದು ಪಾಲು.

ನನ್ನಿಂದ ಹರೀಶರಿಗೆ ಬೇಕಾಗಿದ್ದುದು ಒಂದೇ. “ಪ್ರಭಾಕರಣ್ಣ, ಫೀಸ್ ಸ್ವಲ್ಪ ಇಳಿಸಿಕೊಡಿ ಸಾಕು. ಬಾಕಿ ಎಲ್ಲ ನಾನು ನೋಡಿದೀನಿ,” ಎಂದರು.

ಬಾಕಿ ಎಂದರೆ ಏನೇನು ನೋಡಿದ್ದೀರಿ ಎಂದು ಕೇಳಿದೆ. ಬ್ರೋಷರು ನೋಡಿದ್ದರು. ಸರಪಳಿಯ ಮಾಲೀಕ ಮೋಹನ್ ಸೌತ್‌ಹಾಲ್‌ನಲ್ಲಿ ತಾವೇ ನಡೆಸುತ್ತಿದ್ದ ಅಂಗಡಿಯಲ್ಲಿ ಎರಡು ಶನಿವಾರ ಕೂತು ಜನ ಬರುವುದನ್ನು ನೋಡಿದ್ದರು. ಮೋಹನ್ ಮೈಸೂರಿನವರು, ಮಾತು ಚೆನ್ನ, ಮನೆಗೆ ಕರೆದು ಊಟವನ್ನೂ ಹಾಕಿದ್ದರು. ಏಪ್ರಿಲ್ 22ರ ಶನಿವಾರ ಅಕ್ಷಯ ತದಿಗೆ. ಆ ದಿನಕ್ಕೆ ಬೇರೆ ಮುಹೂರ್ತ ನೋಡಬೇಕಾಗಿಲ್ಲ ಎಂದು ಹರೀಶರ ತಾಯಿ ಹೇಳಿದ್ದರಿಂದ ಸಹಿಗೆ ಅದೇ ದಿನ ಗೊತ್ತಾಗಿತ್ತು. ಮೋಹನ್ ಅವರಿಗೂ ಆ ದಿನ ಬಹಳ ಇಷ್ಟವಾಯಿತಂತೆ. ಅದು ತಪ್ಪಿದರೆ ಸಟನ್ನಿಗೆ ಇನ್ನೊಬ್ಬರು ಸೋಮವಾರವೇ ಬರಲು ಕಾದಿದ್ದಾರೆ ಎಂದೂ ಹೇಳಿದ್ದರಂತೆ.

ಇರುವ ಅಂಗಡಿಗಳ ಲೆಕ್ಕ, ಬಿಟ್ಟುಹೋದವರ ವಿವರ, ಕಂಪನಿಯ ಮೇಲಿನ ದಾವೆ, ಇವೆಲ್ಲ ಕೊಟ್ಟಿದ್ದಾರೆಯೇ ಎಂದೆ.

“ಕೊಡಬೇಕಾದ್ದು ಕೊಟ್ಟಿರ್ತಾರಲ್ವಾ? ಇದು ಲಂಡನ್ ಅಣ್ಣ. ಇಲ್ಲಿ ಒಂದು ಟೋಸ್ಟರ್ ಮಾರೋಕೂ ಎಷ್ಟೊಂದು ರೂಲ್ಸ್ ಇದೆ.”

ಈ ನಂಬಿಕೆಯನ್ನು ನಾನು ಬಹಳ ಮಂದಿಯಲ್ಲಿ ಕಂಡಿದ್ದೇನೆ. ಅದಕ್ಕೇ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಟೋಸ್ಟರ್ ಕೊಳ್ಳುವವನು ಗ್ರಾಹಕ, ಅವನಿಗೆ ಕಾನೂನಿನ ರಕ್ಷಣೆ ಬೇಕಾದಷ್ಟಿದೆ. ಆನ್‌ಲೈನಿನಲ್ಲಿ ಕೊಂಡ ಅಂಗಿಯನ್ನು ಮನಸ್ಸು ಬದಲಾಯಿತೆಂದು ಹಿಂದಿರುಗಿಸಬಹುದು. ಫ್ರಾಂಚೈಸಿ ಕೊಳ್ಳುವವನನ್ನು ಈ ದೇಶದ ಕಾನೂನು ಗ್ರಾಹಕ ಎಂದು ಎಣಿಸುವುದಿಲ್ಲ. ಅವನು ವ್ಯಾಪಾರಿ, ತನ್ನನ್ನು ತಾನು ನೋಡಿಕೊಳ್ಳಬಲ್ಲವನು. ಅಮೆರಿಕದಲ್ಲಿ, ಆಸ್ಟ್ರೇಲಿಯಾದಲ್ಲಿ, ಫ್ರಾನ್ಸಿನಲ್ಲಿ ಹಾಗಲ್ಲ. ಸಹಿಗೆ ಮುಂಚೆ ಇಂತಿಂಥ ವಿವರ ಬರಹದಲ್ಲಿ ಕೊಡಲೇಬೇಕು, ಕೊಟ್ಟ ಮೇಲೆ ಓದಲು ಎರಡು ವಾರವೋ ಇಪ್ಪತ್ತು ದಿನವೋ ಬಿಡಲೇಬೇಕು ಎಂದು ಅಲ್ಲಿ ನಿಯಮವಿದೆ. ಇದನ್ನು ಡಿಸ್‌ಕ್ಲೋಷರ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಫ್ರಾಂಚೈಸಿಗೆಂದೇ ಅಂಥ ಕಾನೂನಿಲ್ಲ. ಫ್ರಾಂಚೈಸಿ ಕಂಪನಿಗಳದೇ ಒಂದು ಸಂಘವಿದೆ, ಅದರ ಸದಸ್ಯರಿಗೆ ನೀತಿಸಂಹಿತೆ ಇದೆ. ಸದಸ್ಯರಾಗುವುದು ಬಿಡುವುದು ಅವರವರ ಇಷ್ಟ. ಮೋಹನ್ ಸದಸ್ಯರಾಗಿರಲಿಲ್ಲ.

ಹಾಗಾದರೆ ಕೊಳ್ಳುವವನಿಗೆ ಏನೂ ಇಲ್ಲವೇ? ಇದೆ. ಸುಳ್ಳು ಹೇಳಿ ಸಹಿ ಹಾಕಿಸಿದರೆ ಅದು ಮಿಸ್‌ರೆಪ್ರೆಸೆಂಟೇಶನ್, ಕೋರ್ಟಿಗೆ ಹೋಗಬಹುದು. ಆದರೆ ಹೇಳದೆ ಸುಮ್ಮನಿದ್ದರೆ ಸಾಮಾನ್ಯವಾಗಿ ಅದು ಸುಳ್ಳಾಗುವುದಿಲ್ಲ. ಜೊತೆಗೆ ಇಂಥ ಕರಾರಿನ ಕೊನೆಯಲ್ಲಿ ಒಂದು ಕಲಮು ಕೂತಿರುತ್ತದೆ: ‘ಈ ಕಾಗದದಲ್ಲಿ ಇರುವುದನ್ನು ಬಿಟ್ಟು ಬೇರೆ ಯಾರ ಯಾವ ಮಾತನ್ನೂ ನಂಬಿ ನಾನು ಸಹಿ ಹಾಕಿಲ್ಲ.’ ಮನೆಗೆ ಕರೆದು ಊಟ ಹಾಕಿ ಹೇಳಿದ ಮಾತೆಲ್ಲ ಆ ಒಂದು ಸಾಲಿನಲ್ಲಿ ಕೈತೊಳೆದ ನೀರಿನ ಜೊತೆ ಹರಿದುಹೋಗುತ್ತದೆ. ಆ ಕಲಮು ನ್ಯಾಯವೇ ಅಲ್ಲವೇ ಎಂದು ಕೋರ್ಟು ತೂಗಿ ನೋಡುತ್ತದೆ, ನಿಜ. ಆದರೆ ಅಲ್ಲಿವರೆಗೆ ಹೋಗುವ ಶಕ್ತಿ ಅಂಗಡಿ ಕಳೆದುಕೊಂಡವನಲ್ಲಿ ಉಳಿದಿರಬೇಕಲ್ಲ.

ಇಷ್ಟನ್ನೂ ಹರೀಶರಿಗೆ ಹೇಳಿದೆ. ಅವರ ಮುಖ ಸ್ವಲ್ಪ ಇಳಿಯಿತು. ಆಮೇಲೆ, “ಮೋಹನ್ ನಮ್ಮವರೇ ಅಲ್ವಾ?” ಎಂದರು. ಕರಾರಿನ ಪ್ರತಿ ಇಟ್ಟುಕೊಂಡೆ. ಆ ಭಾನುವಾರ ಅವರ ಮನೆಗೆ ಬರುತ್ತೇನೆ, ಹೆಂಡತಿಯೂ ತಾಯಿಯೂ ಇರಲಿ ಎಂದೆ.

ಕರಾರು ಓದಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಫ್ರಾಂಚೈಸಿ ಐದು ವರ್ಷಕ್ಕೆ. ಅಂಗಡಿ ಜಾಗದ ಬಾಡಿಗೆ ಕರಾರು, ಅಂದರೆ ಲೀಸ್, ಹತ್ತು ವರ್ಷಕ್ಕೆ. ಆ ಲೀಸ್ ಕಂಪನಿಯ ಹೆಸರಿನಲ್ಲಲ್ಲ, ಹರೀಶರ ಹೆಸರಿನಲ್ಲಿ. ಮೇಲೆ ಗಂಡಹೆಂಡತಿ ಇಬ್ಬರೂ ಪರ್ಸನಲ್ ಗ್ಯಾರಂಟಿ ಕೊಡಬೇಕು. ಅಂಗಡಿ ಬಾಡಿಗೆ ಕಟ್ಟದಿದ್ದರೆ ಸ್ವಂತ ಆಸ್ತಿಯಿಂದ ಕಟ್ಟುತ್ತೇವೆ ಎಂಬ ಒಪ್ಪಿಗೆ ಅದು. ಅವರ ಸ್ವಂತ ಆಸ್ತಿ ಎಂದರೆ ಆ ಮನೆ ಒಂದೇ.

ಭಾನುವಾರ ಸಟನ್ನಿಗೆ ಹೋದೆ. ಹರೀಶರ ತಾಯಿ ಗಿರಿಜಮ್ಮ ಮೊಮ್ಮಗಳ ಪರೀಕ್ಷೆಯ ಹೊತ್ತಿಗೆ ಜೊತೆಗಿರಲೆಂದು ಕುಂದಾಪುರದಿಂದ ಬಂದಿದ್ದರು. ಎಪ್ಪತ್ತರ ಹೆಂಗಸು, ಗಟ್ಟಿ ಧ್ವನಿ. ನೀರುದೋಸೆ ಹಾಕಿ ಕೂರಿಸಿದರು. ನಾನು ಮೆಲ್ಲಗೆ, ಸಹಿಯನ್ನು ಎರಡು ವಾರ ಮುಂದಕ್ಕೆ ಹಾಕಬಹುದೇ ಎಂದು ತೆಗೆದೆ. ಅವರ ಕೈಯ ಸೌಟು ಅಲ್ಲೇ ನಿಂತಿತು.

“ಎಂತ ಮಾರಾಯ್ರೆ, ಅಕ್ಷಯ ತದಿಗಿ ಅಂದ್ರೆ ಬಸ್ಸಾ? ಇದ್ ತಪ್ರೆ ಮುಂದಿನ್ದ್ ಹತ್ತುಕೆ?”

ವೀಣಾ ನಕ್ಕರು. ಗಂಡನ ಈ ಸಾಹಸದ ಬಗ್ಗೆ ಅವರಿಗೆ ಅಷ್ಟು ಸಮಾಧಾನವಿದ್ದಂತೆ ಕಾಣಲಿಲ್ಲ, ಆದರೆ ಎದುರಾಡಿರಲೂ ಇಲ್ಲ. ಮೂರು ತಿಂಗಳು ಮನೆಯಲ್ಲಿ ಕೂತ ಗಂಡನ ಮುಖದಲ್ಲಿ ಈಗಷ್ಟೇ ಗೆಲುವು ಬಂದಿತ್ತು. ಅದನ್ನು ಕೆಡಿಸಲು ಯಾವ ಹೆಂಡತಿಗೆ ಮನಸ್ಸು ಬರುತ್ತದೆ?

ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಮದುವೆಗಳ ಕಡೆಗೆ ತಿರುಗಿತು. ಗಿರಿಜಮ್ಮ ತಮ್ಮ ಕಡೆಯವರಲ್ಲಿ ಹತ್ತಾರು ಸಂಬಂಧ ಕುದುರಿಸಿದವರಂತೆ. ವೀಣಾ ಸ್ವಂತ ಕಥೆ ಹೇಳಿದರು. ಅವರನ್ನು ನೋಡಲು ಬರುವ ಮುಂಚೆ ಗಿರಿಜಮ್ಮ ಬೆಂಗಳೂರಿನಲ್ಲಿದ್ದ ತಮ್ಮ ತಂಗಿಯನ್ನು ಬಾಡಿಗೆ ಮನೆ ಕೇಳುವ ನೆಪದಲ್ಲಿ ಆ ಬೀದಿಗೆ ಕಳಿಸಿದ್ದರು. ಆಕೆ ಎದುರು ಮನೆಯವರ ಹತ್ತಿರ ಕಾಫಿ ಕುಡಿದು, ಹುಡುಗಿಯ ಅಪ್ಪನಿಗೆ ಸಿಟ್ಟು ಜಾಸ್ತಿಯೇ, ಮನೆಯ ಮೇಲೆ ಸಾಲವಿದೆಯೇ, ಎಲ್ಲವನ್ನೂ ತಿಳಿದುಕೊಂಡು ಹೋಗಿದ್ದರು.

“ನಮ್ಮಪ್ಪಂಗೆ ಇವತ್ತಿಗೂ ಗೊತ್ತಿಲ್ಲ. ಬಾಡಿಗೆಗೆ ಬರ್ತೀನಿ ಅಂದೋರು ಯಾಕೆ ಬರ್ಲಿಲ್ಲ ಅಂತ ಈಗ್ಲೂ ಕೇಳ್ತಿರ್ತಾರೆ,” ಎಂದರು ವೀಣಾ.

ಗಿರಿಜಮ್ಮನಿಗೆ ನಾಚಿಕೆಯೇನೂ ಇರಲಿಲ್ಲ. “ಮತ್ತೆ? ಗಂಡಿನ್ ಗುಣ ಹ್ಯಾಂಗೆ ಅಂದೇಳಿ ಗಂಡಿನ್ ಹತ್ರವೇ ಕೇಂತ್ರಾ ಯಾರಾರೂ?”

ನಾನು ತಟ್ಟೆ ಕೆಳಗಿಟ್ಟೆ. ಅಮ್ಮ, ನಿಮ್ಮ ಮಗ ಹಾಗೇ ಮಾಡಿದ್ದಾರೆ ನೋಡಿ ಎಂದೆ. ಕಂಪನಿ ಹೇಗೆ ಎಂದು ಕಂಪನಿಯವರ ಹತ್ತಿರವೇ ಕೇಳಿದ್ದಾರೆ, ಅವರ ಮನೆಯಲ್ಲಿ ಊಟ ಮಾಡಿ ಬಂದಿದ್ದಾರೆ, ಇನ್ನು ಹತ್ತು ವರ್ಷಕ್ಕೆ ಧಾರೆ ಎರೆಯಲು ಹೊರಟಿದ್ದಾರೆ.

ಗಿರಿಜಮ್ಮ ಮಗನನ್ನು ನೋಡಿದರು. ಹರೀಶ ಫೋನ್ ನೋಡಿದರು. ಆ ಸಂಸಾರದಲ್ಲಿ ನನ್ನ ಕೆಲಸ ಅರ್ಧ ಮುಗಿದದ್ದು ಆಗಲೇ.

ಯೋಚಿಸಿದರೆ ಇದು ಸೋಜಿಗದ ಸಂಗತಿ. ಸಂಬಂಧ ಮಾಡುವಾಗ ನಮ್ಮ ಜನ ಬಿಡುವ ಪ್ರಶ್ನೆಯೇ ಇಲ್ಲ. ವ್ಯವಹಾರಕ್ಕೆ ಬಂದರೆ ಮಾತ್ರ ನಮ್ಮೂರಿನವನು, ನಮ್ಮ ಭಾಷೆಯವನು ಎಂದಾಕ್ಷಣ ಕೇಳುವುದೇ ಅಪಮಾನ ಎಂದುಕೊಳ್ಳುತ್ತೇವೆ. ಇಲ್ಲಿಗೆ ಬಂದ ಮೇಲಂತೂ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ಕೇಳಬೇಕಾದ್ದನ್ನೆಲ್ಲ ಸರ್ಕಾರವೇ ಕೇಳಿರುತ್ತದೆ ಎಂಬ ಧೈರ್ಯ.

ಬ್ರೋಷರಿನಲ್ಲಿ ಮೂರು ಅಂಗಡಿಗಳ ಫೋಟೋ ಇತ್ತು. ಸೌತ್‌ಹಾಲ್‌ನದು ಮೋಹನ್ ಅವರ ಸ್ವಂತದ್ದು. ಅಕ್ಸ್‌ಬ್ರಿಡ್ಜ್‌ನದೂ ಇಲ್‌ಫರ್ಡ್‌ನದೂ ಫ್ರಾಂಚೈಸಿಗಳು. ಶನಿವಾರ ಬೇಡ, ಮಂಗಳವಾರ ಹೋಗೋಣ ಎಂದೆ. ಶನಿವಾರ ಸೌತ್‌ಹಾಲ್‌ನಲ್ಲಿ ಚಪ್ಪಲಿ ರಿಪೇರಿಯವನ ಮುಂದೆಯೂ ಸಾಲು ಇರುತ್ತದೆ.

ಹರೀಶ ಮುಜುಗರ ಪಟ್ಟುಕೊಂಡು ಬರಲಿಲ್ಲ. ನಾನು, ಗಿರಿಜಮ್ಮ ಇಬ್ಬರೇ ಹೊರಟೆವು. ಮೊದಲು ಇಲ್‌ಫರ್ಡ್. ಅಲ್ಲಿಯ ಮಾಲೀಕ ವಿನಯವಂತ, ಎಲ್ಲ ಚೆನ್ನಾಗಿದೆ ಎಂಬ ಒಂದೇ ಮಾತನ್ನು ಮೂರು ಬಗೆಯಲ್ಲಿ ಹೇಳಿದ. ಸಾಂಬಾರು ತಣ್ಣಗಿದ್ದುದರಿಂದ ಗಿರಿಜಮ್ಮ ಅವನನ್ನು ಅಲ್ಲೇ ಫೇಲ್ ಮಾಡಿದರು. ಅದು ಸರಿಯಲ್ಲ, ಒಲೆ ಕೆಟ್ಟಿದ್ದರೂ ಇರಬಹುದು ಎಂದೆ. ಅವರು ಒಪ್ಪಲಿಲ್ಲ.

ಮಧ್ಯಾಹ್ನ ಅಕ್ಸ್‌ಬ್ರಿಡ್ಜ್. ಅಲ್ಲಿಗೆ ಬರುವವರು ಹೆಚ್ಚಾಗಿ ಹತ್ತಿರದ ಯೂನಿವರ್ಸಿಟಿಯ ಮಕ್ಕಳು, ಅವರಿಗೆ ಈಸ್ಟರ್ ರಜೆ. ಹದಿನೆಂಟು ಕುರ್ಚಿಗಳ ಅಂಗಡಿಯಲ್ಲಿ ನಾವಿಬ್ಬರೇ ಗಿರಾಕಿಗಳು. ಮಾಲೀಕಳು ಶ್ವೇತಾ ಎಂಬ ಬೆಂಗಳೂರಿನ ಹುಡುಗಿ, ಮೂವತ್ತರ ಸುಮಾರು, ತಾನೇ ದೋಸೆ ಹುಯ್ಯುತ್ತಿದ್ದಳು. ನಾನಾಗಿದ್ದರೆ ತಿಂಗಳಿಗೆ ಎಷ್ಟು ವ್ಯಾಪಾರ ಎಂದು ಕೇಳಿ ಬಾಗಿಲು ಮುಚ್ಚಿಸಿಕೊಳ್ಳುತ್ತಿದ್ದೆ. ಗಿರಿಜಮ್ಮ ಹಾಗೆ ಕೇಳುವವರಲ್ಲ. ಹಿಟ್ಟು ನೀವೇ ರುಬ್ಬುತ್ತೀರಾ ಎಂದರು. ಇಲ್ಲ ಆಂಟಿ, ಕಂಪನಿಯಿಂದಲೇ ಬರುತ್ತದೆ, ಬೇರೆ ಕಡೆಯಿಂದ ತರುವಂತಿಲ್ಲ, ರೇಟು ಅವರದೇ ಎಂದಳು. ಊರಿಗೆ ಹೋಗಿ ಎಷ್ಟು ದಿನವಾಯಿತು? ಎರಡು ವರ್ಷ. ಬೇಸಿಗೆಯಲ್ಲಿ ಮಕ್ಕಳಿಗೆ ರಜೆ ಬಂದರೆ ಈ ಬೀದಿ ಹೇಗಿರುತ್ತದೆ? ಹೀಗೇ, ಸೆಪ್ಟೆಂಬರ್ ತನಕ. ಹುಡುಗಿ ದೂರುತ್ತಿರಲಿಲ್ಲ, ಕೇಳಿದ್ದಕ್ಕೆ ಹೇಳುತ್ತಿದ್ದಳು, ಅಷ್ಟೇ. ಇಷ್ಟನ್ನು ಕೇಳಲು ಯಾರೂ ಬಂದಿರಲಿಲ್ಲವೋ ಏನೋ.

ಏಳುವ ಹೊತ್ತಿಗೆ ಗಿರಿಜಮ್ಮ ಸೆರಗು ಸರಿಮಾಡಿಕೊಳ್ಳುತ್ತ, ಯಾವ ವಿಶೇಷವೂ ಇಲ್ಲದ ಧ್ವನಿಯಲ್ಲಿ ಕೇಳಿದರು. “ನಿಮ್ಗಿಂತ ಮುಂಚೆ ಈ ಅಂಗ್ಡಿ ಯಾರ್ ನಡೆಸ್ತಿದ್ರ್ ಮಗಾ?”

“ಬಸವರಾಜ್ ಅಂತ ಆಂಟಿ, ಹುಬ್ಳಿಯವರು. ಅವರು ಬಿಟ್ಮೇಲೆ ಸುಮಾರು ದಿನ ಮುಚ್ಚಿತ್ತು. ಆಮೇಲೆ ನಾನು ತಗೊಂಡೆ.”

ಬ್ರೋಷರಿನಲ್ಲಿ ಬಸವರಾಜ್ ಇರಲಿಲ್ಲ. ಇರಬೇಕೆಂದು ಈ ದೇಶದಲ್ಲಿ ನಿಯಮವೂ ಇಲ್ಲ. ಅಂಗಡಿಯ ಫೋಟೋ ಒಂದೇ, ಮಾಲೀಕರು ಇಬ್ಬರು. ಒಂದೇ ಜಾಗವನ್ನು ಕಂಪನಿ ಎರಡು ಸಲ ಮಾರಿ ಎರಡು ಸಲ ಶುಲ್ಕ ಪಡೆದಿತ್ತು. ಟ್ಯೂಬ್ ರೈಲಿನಲ್ಲಿ ಹಿಂದಿರುಗುವಾಗ, ಆ ಪ್ರಶ್ನೆ ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದೆ. ಅದರಲ್ಲೇನಿದೆ ಎಂಬಂತೆ ಅವರು ನನ್ನನ್ನು ನೋಡಿದರು. ಸಂಬಂಧ ವಿಚಾರಿಸುವಾಗ ಮೊದಲ ಪ್ರಶ್ನೆಯೇ ಅದಲ್ಲವೇ, ಮುಂಚೆ ಯಾರಾದರೂ ಬಂದು, ಮಾತಾಗಿ, ಮುರಿದು ಹೋಗಿದೆಯೇ ಎಂಬುದು? ಮುರಿದರೆ ತಪ್ಪು ಎಂದಲ್ಲ. ಯಾಕೆ ಎಂದು ಗೊತ್ತಿರಬೇಕು.

ಅಮೆರಿಕದ ಡಿಸ್‌ಕ್ಲೋಷರ್ ನಿಯಮದಲ್ಲಿ ಹೀಗೆ ಬಿಟ್ಟುಹೋದವರ ವಿವರವನ್ನೂ ಕೊಡಬೇಕೆಂದಿದೆ. ಅಲ್ಲಿನ ಸರ್ಕಾರ ಕೇಳಿಸುವುದನ್ನು ಇವರು ದೋಸೆ ತಿಂದು ಎದ್ದ ಮೇಲೆ ಕೇಳಿದ್ದರು.

ಬಸವರಾಜರನ್ನು ಹುಡುಕುವುದು ಕಷ್ಟವಾಗಲಿಲ್ಲ. ನಮ್ಮವರು ಸೇರಿದ ಯುಗಾದಿ ಕಾರ್ಯಕ್ರಮದಲ್ಲಿ ಊಟ ಬಡಿಸುತ್ತಿದ್ದವರಲ್ಲಿ ಅವರೂ ಒಬ್ಬರೆಂದು ಪರಿಚಿತರೊಬ್ಬರು ಹೇಳಿ, ಅವರನ್ನೇ ಕೇಳಿ ನಂಬರು ಕೊಟ್ಟರು. ಹೇಯ್ಸ್‌ನಲ್ಲಿ ಬಾಡಿಗೆ ಫ್ಲಾಟಿನಲ್ಲಿದ್ದರು. ಈ ಸಲ ಹರೀಶರನ್ನೂ ಎಳೆದುಕೊಂಡು ಹೋದೆ. ಅವರೇ ಕೇಳಬೇಕಾದ ಮಾತು ಅದು.

ಬಸವರಾಜ್ ಐವತ್ತರ ಆಸುಪಾಸಿನವರು. ಈಗ ಗೋದಾಮೊಂದರಲ್ಲಿ ಸೂಪರ್‌ವೈಸರ್. ಚಹಾ ಕೊಟ್ಟು ನೇರವಾಗಿ ಹೇಳಿಬಿಟ್ಟರು. “ಕಂಪನಿ ಬಗ್ಗೆ ನಾ ಒಂದ್ ಮಾತೂ ಆಡಂಗಿಲ್ರಿ. ಬಿಡೋ ಮುಂದ ಹಂಗಂತ ಸಹಿ ಮಾಡೇನಿ.”

ಹರೀಶ ಏಳಲು ಹೊರಟರು. ನಾನು ಕೂತೇ ಇದ್ದೆ. ಮಂಡಿಯಲ್ಲಿ ಕಲಿತದ್ದು ಇಂಥ ಕಡೆ ಕೆಲಸಕ್ಕೆ ಬರುತ್ತದೆ. ಲೋಟ ಎತ್ತಿ ನಿಧಾನವಾಗಿ ನಾಲ್ಕು ಗುಟುಕು ಚಹಾ ಕುಡಿದೆ. ಆಮೇಲೆ ಬಸವರಾಜರೇ ಹರೀಶರ ಕಡೆ ತಿರುಗಿದರು.

“ಕಂಪನೀದು ಬ್ಯಾಡ. ಆದ್ರ ಲೀಸ್ ಅನ್ನೂದು ನಂದು, ಕಟ್ಟಡದ ಮಾಲಕಂದು. ಅದನ್ ಹೇಳಬ್ಯಾಡ ಅಂತ ಯಾರೂ ಬರಿಸ್ಕೊಂಡಿಲ್ಲ. ಅಂಗಡಿ ಬಂದ್ ಆತ್ರಿ. ಬಾಡಗಿ ಬಂದ್ ಆಗ್ಲಿಲ್ಲ.”

ಅಷ್ಟು ಹೇಳಿ ಕಿಟಕಿಯಾಚೆ, ರಸ್ತೆಯ ಎದುರು ಬದಿಯ ಹೆಂಚಿನ ಮನೆಗಳ ಸಾಲು ತೋರಿಸಿದರು. ಅದರಲ್ಲಿ ಹಸಿರು ಬಾಗಿಲಿನದು ಮೊದಲು ಅವರದಾಗಿತ್ತು. ಮಗನ ಶಾಲೆ ಬದಲಾಗಬಾರದೆಂದು ಅದೇ ರಸ್ತೆಯಲ್ಲಿ ಫ್ಲಾಟ್ ಹಿಡಿದಿದ್ದರು.

ಹರೀಶ ಬಹಳ ಹೊತ್ತು ಆ ಬಾಗಿಲನ್ನೇ ನೋಡಿದರು. ಹಿಂದಿರುಗುವಾಗ ಅವರ ಬಾಯಿಂದ ಬಂದದ್ದು ಒಂದೇ ಪ್ರಶ್ನೆ, ನಮ್ಮದೂ ಹತ್ತು ವರ್ಷ ಅಲ್ವಾ ಎಂದು.

ಹಾಗೆಂದು ಅವರ ಮನಸ್ಸು ಪೂರ್ತಿ ತಿರುಗಿತ್ತೆಂದಲ್ಲ. ಬಸವರಾಜರು ಜಾಗ ಸರಿಯಾಗಿ ಆರಿಸಿರಲಿಲ್ಲ, ಸಟನ್ ಬೇರೆ, ಆಸ್ಪತ್ರೆ ಇದೆ, ಸ್ಟೇಷನ್ ಇದೆ ಎಂದು ಮರುದಿನವೇ ಫೋನ್ ಮಾಡಿದರು. ನಾನು ಅಲ್ಲಗಳೆಯಲಿಲ್ಲ. ಇದ್ದರೂ ಇರಬಹುದು. ಅದಕ್ಕೇ ಪ್ರಶ್ನೆಗಳನ್ನು ಬರೆದು ಕೊಡೋಣ, ಉತ್ತರವನ್ನು ಬರಹದಲ್ಲಿ ತೆಗೆದುಕೊಂಡು ಕರಾರಿಗೇ ಸೇರಿಸೋಣ ಎಂದೆ. ಕರಾರಿನೊಳಗೆ ಬಂದ ಮಾತನ್ನು ಆ ಕೊನೆಯ ಕಲಮು ನುಂಗಲಾರದು. ಕೊಳ್ಳುವವರಿಗೆ ನಾನು ಕೊಡುವ ಸಲಹೆಗಳಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು.

ಉಳಿದದ್ದು ಮುಹೂರ್ತದ ತೊಡಕು. ದಿನ ತಪ್ಪಿಸಲು ಗಿರಿಜಮ್ಮ ಒಪ್ಪುತ್ತಿರಲಿಲ್ಲ. ಆ ದಿನ ಸಹಿ ಹಾಕಲು ನಾನು ಒಪ್ಪುತ್ತಿರಲಿಲ್ಲ. ಕೊನೆಗೆ ಗಿರಿಜಮ್ಮ, ನೀವು ಸುಮ್ಮನೆ ಬನ್ನಿ, ಅದನ್ನು ನನಗೆ ಬಿಡಿ ಎಂದರು.

ಅಕ್ಷಯ ತದಿಗೆಯ ಬೆಳಿಗ್ಗೆ ಮೋಹನ್ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿದೆವು. ಕರಾರು ಮೇಜಿನ ಮೇಲಿತ್ತು. ಸಹಿ ಹಾಕಬೇಕಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿತ್ತು. ಹೊಸ ಪೆನ್ನೂ ಇತ್ತು. ಗಿರಿಜಮ್ಮ ಚೀಲದಿಂದ ತಟ್ಟೆ ತೆಗೆದರು. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಎಲ್ಲದರ ಮೇಲೆ, ಅರಿಸಿನ ಕುಂಕುಮ ಹಚ್ಚಿದ ನನ್ನ ಪ್ರಶ್ನೆಗಳ ಹಾಳೆ. ಎರಡೂ ಕೈಯಿಂದ ಮೋಹನ್ ಮುಂದೆ ಹಿಡಿದರು.

“ಇವತ್ತ್ ತಾಂಬೂಲ ಮಾತ್ರ. ಧಾರೆ ಅಲ್ಲ.”

ಮೋಹನ್ ನಮ್ಮವರೇ. ಹಬ್ಬದ ದಿನ ಹಿರಿಯರು ಕೊಟ್ಟ ತಾಂಬೂಲವನ್ನು ಬೇಡ ಎನ್ನಲು ಅವರಿಗೂ ಆಗಲಿಲ್ಲ. ತೆಗೆದುಕೊಂಡರು. ಹಾಳೆ ಓದಿದರು. ಈ ಹಿಂದೆ ಅಂಗಡಿ ಬಿಟ್ಟವರು ಯಾರು, ಯಾಕೆ? ಹಿಟ್ಟಿನ ರೇಟು ಹೇಗೆ ನಿಗದಿಯಾಗುತ್ತದೆ? ರಜೆಯ ತಿಂಗಳುಗಳ ವ್ಯಾಪಾರ ಎಷ್ಟು? ಲೀಸನ್ನು ಕಂಪನಿ ತನ್ನ ಹೆಸರಿನಲ್ಲಿ ತೆಗೆದುಕೊಳ್ಳುತ್ತದೆಯೇ, ಇಲ್ಲವಾದರೆ ಐದನೇ ವರ್ಷಕ್ಕೆ ಅದನ್ನು ಬಿಡುವ ಅವಕಾಶ ಇರುತ್ತದೆಯೇ? ಈ ಉತ್ತರಗಳನ್ನು ಕರಾರಿಗೆ ಸೇರಿಸುತ್ತೀರಾ?

ಅವರ ನಗು ಹೋಗಲಿಲ್ಲ, ಆದರೆ ಅಲುಗದೆ ನಿಂತಿತು. “ಸಾರ್, ನಾನು ಒಂದಾದ್ರೂ ಸುಳ್ಳು ಹೇಳಿದೀನಾ?” ಎಂದು ನನ್ನನ್ನೇ ಕೇಳಿದರು.

ಇಲ್ಲ ಎಂದೆ. ನಿಜಕ್ಕೂ ಹೇಳಿರಲಿಲ್ಲ. ಆ ಮನುಷ್ಯ ಮೋಸಗಾರನೆಂದು ಆಗಲೂ ಈಗಲೂ ನನಗೆ ಅನಿಸಿಲ್ಲ. ಅಡುಗೆ ಬಲ್ಲವರು, ದುಡಿದು ಮೇಲೆ ಬಂದವರು, ನನ್ನ ಹಾಗೆಯೇ. ಅಲ್ಲಿಯವರೆಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದರು. ಇವನ್ನು ಯಾರೂ ಕೇಳಿರಲಿಲ್ಲ. ಸೋಮವಾರ ಬೇರೆಯವರು ಕಾದಿದ್ದಾರೆ ಎಂದು ಮತ್ತೊಮ್ಮೆ ನೆನಪಿಸಿದರು. ಹಾಗಿದ್ದರೆ ಅವರಿಗೇ ಆಗಲಿ, ಋಣವಿದ್ದಂತೆ ಎಂದೆ. ಹರೀಶರ ಕಣ್ಣು ಹಳದಿ ಚೀಟಿಗಳ ಮೇಲೆ ಓಡಾಡುತ್ತಿತ್ತು. ಆದರೂ ಅವರು ಪೆನ್ನು ಮುಟ್ಟಲಿಲ್ಲ.

ಎರಡು ವಾರದ ಮೇಲೆ ಉತ್ತರ ಬಂತು. ಸೋಮವಾರದವರ ಸುದ್ದಿ ಅದರಲ್ಲಿ ಇರಲಿಲ್ಲ. ಹಿಟ್ಟಿನ ರೇಟಿನ ವಿವರ ಕೊಟ್ಟಿದ್ದರು, ಅದು ಸಮಂಜಸವಾಗಿಯೂ ಇತ್ತು. ಹಿಂದಿನ ಮಾಲೀಕರ ವಿಷಯ ವ್ಯವಹಾರದ ಗುಟ್ಟು, ಹೇಳಲಾಗುವುದಿಲ್ಲ. ಲೀಸ್ ಹರೀಶರ ಹೆಸರಿನಲ್ಲೇ ಇರಬೇಕು, ಹತ್ತು ವರ್ಷವೇ, ಇಬ್ಬರ ಗ್ಯಾರಂಟಿಯೂ ಬೇಕು. ಉತ್ತರಗಳು ಕರಾರಿಗೆ ಸೇರುವುದಿಲ್ಲ. ಆದರೆ, ಸಂಬಂಧ ಉಳಿಸಿಕೊಳ್ಳುವ ಸಲುವಾಗಿ, ಪ್ರವೇಶ ಶುಲ್ಕದಲ್ಲಿ ಕಾಲು ಭಾಗ ಕಡಿತ.

ಹರೀಶರ ಫೋನು ತಕ್ಷಣ ಬಂತು. “ಅಣ್ಣ, ಗೆದ್ಬಿಟ್ರಿ.”

ನನ್ನನ್ನು ಅವರು ಹಿಡಿದದ್ದೇ ಇದಕ್ಕೆ. ಶುಲ್ಕ ಇಳಿದಿತ್ತು. ಆ ಲೆಕ್ಕದಲ್ಲಿ ನನ್ನ ಕೆಲಸವೂ ಮುಗಿದಿತ್ತು. ಸಂಜೆ ಅವರ ಮನೆಗೆ ಹೋಗಿ, ಅವರ ಮುಂದೆ ಎರಡು ಪ್ರಶ್ನೆ ಇಟ್ಟೆ. ನಾವು ಕೇಳಿದ್ದು ಏನು? ಅವರು ಕೊಟ್ಟದ್ದು ಏನು? ಆ ಹಾಳೆಯಲ್ಲಿ ನಾವು ರಿಯಾಯಿತಿ ಕೇಳಿಯೇ ಇರಲಿಲ್ಲ. ಪ್ರಶ್ನೆ ಕೇಳಿದಾಗ ಎದುರಿನವನು ಬೆಲೆ ಇಳಿಸಿದರೆ, ಆ ಪ್ರಶ್ನೆಯ ಬೆಲೆ ಅಷ್ಟು ಎಂದು ಅರ್ಥ.

ಹರೀಶ ವಾದಿಸಿದರು. ಹೀಗೆ ಹುಡುಕುತ್ತ ಕೂತರೆ ಯಾವ ವ್ಯಾಪಾರವನ್ನೂ ಮಾಡಲಾಗುವುದಿಲ್ಲ, ವಯಸ್ಸು ನಿಲ್ಲುವುದಿಲ್ಲ ಎಂದರು. ಅದರಲ್ಲೂ ನಿಜವಿತ್ತು. ಮಗಳ ಪುಸ್ತಕಗಳು ಹರಡಿದ್ದ ಊಟದ ಮೇಜಿನ ತುದಿಯಲ್ಲಿ ವೀಣಾ ಇನ್ನೂ ಆಸ್ಪತ್ರೆಯ ಸಮವಸ್ತ್ರದಲ್ಲೇ ಕೂತಿದ್ದರು. ಗ್ಯಾರಂಟಿಗೆ ಸಹಿ ಹಾಕುವ ಮುಂಚೆ ನಿಮ್ಮದೇ ಬೇರೆ ವಕೀಲರನ್ನು ನೋಡಿ ಎಂದು ನಾನು ಹೇಳಿದ್ದೆ, ನೋಡಿ ಬಂದಿದ್ದರು. ಈಗ ಅವರು ಮೆಲ್ಲಗೆ ಶುರುಮಾಡಿದರು.

“ಹರೀಶ್, ನಮ್ಮ ಹಾಸ್ಪಿಟಲ್‌ನಲ್ಲಿ ಒಂದು ಗಂಟು ತೆಗೆಯೋಕೂ ರಿಸ್ಕ್ ಏನೇನು ಅಂತ ಹೇಳಿ ಸಹಿ ತಗೋತೀವಿ. ಪೇಷೆಂಟ್ ಕೇಳದೇ ಇದ್ರೂ ಹೇಳ್ತೀವಿ. ಇಲ್ಲಿ ಮನೆನೇ ಆಪರೇಷನ್ ಟೇಬಲ್ ಮೇಲಿದೆ. ರಿಸ್ಕ್ ಏನು ಅಂದ್ರೆ ಡಿಸ್ಕೌಂಟ್ ಕೊಡ್ತೀವಿ ಅಂತಾರೆ. ನಾನು ಸಹಿ ಹಾಕಲ್ಲ.”

ಗಿರಿಜಮ್ಮ ಎದ್ದು ಸೊಸೆಗೆ ಊಟ ಬಡಿಸಿದರು. ಮೊದಲ ತಟ್ಟೆ ಅವರಿಗೇ.

ಮರುದಿನ ಹರೀಶ ಮೋಹನ್‌ಗೆ ಇಮೇಲ್ ಬರೆದರು. ಒರಟಾಗಿ ಬೇಡ ಎಂದು ಹೇಳಿ ನಾನೇ ಎರಡು ಸಾಲು ತಿದ್ದಿದೆ. ಬಾಗಿಲು ಮುಚ್ಚುವಾಗ ಸದ್ದು ಮಾಡಬಾರದು, ಲಂಡನ್ ದೊಡ್ಡದಾದರೂ ನಮ್ಮವರ ಲಂಡನ್ ಚಿಕ್ಕದು.

ಕಥೆಯ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಹರೀಶರಿಗೆ ಕೆಲಸ ಸಿಕ್ಕಲು ಮತ್ತೆ ಬಹಳ ತಿಂಗಳು ಹಿಡಿಯಿತು. ಸಂಬಳವೂ ಮೊದಲಿಗಿಂತ ಕಡಿಮೆ. ನನ್ನ ಮೇಲೆ ಅವರಿಗೆ ಕೆಲಕಾಲ ಮುನಿಸಿತ್ತೆಂದು ನನಗೆ ಗೊತ್ತು. ಮಗಳು ಪರೀಕ್ಷೆ ಪಾಸಾಗಿ ಅದೇ ಮನೆಯಿಂದ ನಡೆದು ಶಾಲೆಗೆ ಹೋಗುತ್ತಿದ್ದಾಳೆ. ಅಂಗಡಿಗೆಂದು ನೋಡಿದ್ದ ಸಟನ್ನಿನ ಆ ಜಾಗ ಒಂದು ವರ್ಷ ಖಾಲಿ ಬಿದ್ದಿದ್ದು ಆಮೇಲೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿಯಾಯಿತು. ಶ್ವೇತಾಳ ಅಂಗಡಿ ಮಾತ್ರ ಈಗಲೂ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಆಮೇಲೆ ಪರಿಚಯವಾಗಿ ಕೇಳಿದಾಗ ಗೊತ್ತಾಯಿತು: ಆ ಹುಡುಗಿ ಲೀಸಿಗೆ ಸಹಿ ಹಾಕುವ ಮುಂಚೆ ಕಟ್ಟಡದ ಮಾಲೀಕನ ಹತ್ತಿರ ನೇರವಾಗಿ ಮಾತಾಡಿ, ಎರಡು ವರ್ಷಕ್ಕೊಮ್ಮೆ ಬಿಟ್ಟುಹೋಗುವ ಅವಕಾಶ ಬರೆಸಿಕೊಂಡಿದ್ದಳು. ಆದ್ದರಿಂದ ಫ್ರಾಂಚೈಸಿ ಎಂದರೆ ಓಡಿಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊರಬರುವ ದಾರಿ ಎಲ್ಲಿದೆ ಎಂದು ನೋಡಿಕೊಂಡು ಒಳಗೆ ಹೋಗಿ ಎನ್ನುತ್ತೇನೆ.

ಎಷ್ಟೋ ವ್ಯವಹಾರ ಮುಗಿಸಿಕೊಟ್ಟಿದ್ದೇನೆ. ಮುಗಿಯದೆ ಹೋದ ಇದೊಂದನ್ನು ಹೆಚ್ಚಾಗಿ ನೆನೆಯುತ್ತೇನೆ. ಮಾರುವವನು ಹೇಳಲೇಬೇಕು ಎಂಬ ಕಾನೂನು ಈ ದೇಶದಲ್ಲಿಲ್ಲ. ಕೊಳ್ಳುವವನು ಕೇಳಬಾರದು ಎಂಬ ಕಾನೂನೂ ಇಲ್ಲ. ಆ ಎರಡನೆಯದರ ಬೆಲೆ ನನಗೆ ತಿಳಿದದ್ದು ಆ ಏಪ್ರಿಲ್‌ನಲ್ಲಿ.

ಕಳೆದ ವರ್ಷ, ನಾನು ಆಫೀಸು ಮುಚ್ಚಿ ಮನೆಯಲ್ಲಿದ್ದಾಗ, ಕುಂದಾಪುರದಿಂದ ಗಿರಿಜಮ್ಮನ ಫೋನು ಬಂತು. ಅವರ ತಂಗಿಯ ಮಗ ಉಡುಪಿಯಲ್ಲಿ ಯಾವುದೋ ಐಸ್‌ಕ್ರೀಮ್ ಕಂಪನಿಯ ಫ್ರಾಂಚೈಸಿ ತೆಗೆದುಕೊಳ್ಳುವವನಿದ್ದಾನಂತೆ. ಎಲ್ಲವನ್ನೂ ತೋರಿಸಲೇಬೇಕು ಎಂಬ ಕಾನೂನು ನಮ್ಮ ಕಡೆಯಾದರೂ ಇದೆಯೇ ಎಂದು ಕೇಳಿದರು. ಇಲ್ಲಮ್ಮ, ಅಲ್ಲಿಯೂ ಫ್ರಾಂಚೈಸಿಗೆಂದೇ ಬೇರೆ ಕಾನೂನಿಲ್ಲ ಎಂದೆ.

ಅವರ ಹಿಂದೆ ಎಲ್ಲೋ ಬಸ್ಸಿನ ಹಾರನ್ ಕೇಳಿಸುತ್ತಿತ್ತು.

“ಹಾಂಗಾರೆ ನಾನೇ ಹೋಯಿ ಕಂಡ್ಕಂಡ್ ಬತ್ತೆ,” ಎಂದು ಫೋನ್ ಇಟ್ಟರು.